ಸಪ್ಪೆಯಾದ ಉಪ್ಪು

ದೊಡ್ಡನೆಕ್ಕುಂದಿಯ ಒಂದು ಕಟ್ಟಡದ ಮೇಲ್ಮಹಡಿಯ ಬಾರಿನಲ್ಲಿ ಕಾಕ್‌ಟೇಲ್ ಬೆರೆಸುವ ಕೆಲಸಕ್ಕೆ ಸೇರಿದಾಗ, ನಾಗಸಂದ್ರದ ನಮ್ಮ ಮನೆಯಲ್ಲಿ ನಾನು ಹೋಟೆಲ್ ಕೆಲಸ ಎಂದಷ್ಟೇ ಹೇಳಿದ್ದೆ. ಸುತ್ತಲಿನ ಕಂಪನಿಗಳವರು ಸಂಜೆಯಾಗುತ್ತಲೇ ಬರುತ್ತಿದ್ದರು. ಹೆಚ್ಚು ಹೋಗುತ್ತಿದ್ದುದು ಮಾರ್ಗರೀಟಾ: ಟಕೀಲಾ, ನಿಂಬೆರಸ, ಕಿತ್ತಳೆ ರುಚಿಯ ಲಿಕರ್, ಗ್ಲಾಸಿನ ಅಂಚಿಗೆ ಉಪ್ಪು. ಅದನ್ನೇ ಹುಣಸೆಹಣ್ಣು ಹಾಕಿ, ಸೀಬೆಹಣ್ಣು ಹಾಕಿ, ಹಸಿಮೆಣಸಿನಕಾಯಿ ಜಜ್ಜಿ ಹಾಕಿ ಬಗೆಬಗೆಯಾಗಿ ಮಾಡುತ್ತಿದ್ದೆ. ಟಕೀಲಾ ಬದಲು ಹೊಗೆವಾಸನೆಯ ಮೆಸ್ಕಾಲ್ ಹಾಕಿದ್ದಕ್ಕೆ ಇನ್ನೂ ಬೇಡಿಕೆ.

ಮಧ್ಯಾಹ್ನವೇ ಗ್ಲಾಸುಗಳ ಅಂಚನ್ನು ನಿಂಬೆಹೋಳಿನಿಂದ ಒರೆಸಿ, ಉಪ್ಪಿನಲ್ಲಿ ಅದ್ದಿ, ಒಣಗಲೆಂದು ಮೂಲೆಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದೆ.

ಒಂದು ಸಂಜೆ ಗಿರಾಕಿಯೊಬ್ಬ ಗ್ಲಾಸು ವಾಪಸ್ ತಂದ. "ಮೇಡಂ, ಇದ್ರಲ್ಲಿ ಉಪ್ಪೇ ಇಲ್ವಲ್ಲ?"

ಅಂಚಿನ ತುಂಬ ಉಪ್ಪು ಬೆಳ್ಳಗೆ ಕಾಣುತ್ತಿತ್ತು. "ಇದೆಯಲ್ಲಾ ಸಾರ್" ಎಂದೆ.

"ನೀವೇ ತಿಂದು ನೋಡಿ."

ಅವನು ಬಾಯಿ ಹಚ್ಚದ ಕಡೆಯಿಂದ ಚೂರು ತೆಗೆದು ನಾಲಿಗೆಗೆ ಇಟ್ಟುಕೊಂಡೆ. ಮರಳು ಇಟ್ಟುಕೊಂಡ ಹಾಗಾಯಿತು. ರುಚಿಯೇ ಇಲ್ಲ. ಅದೇ ತಟ್ಟೆಯ ಉಪ್ಪಿನಲ್ಲಿ ಅದ್ದಿದ ಉಳಿದ ಗ್ಲಾಸುಗಳೆಲ್ಲ ಸರಿಯಾಗಿದ್ದವು.

ಉಪ್ಪಿನ ಪ್ಯಾಕೆಟ್ ಬದಲಾಯಿಸಿದೆ. ಮತ್ತೆ ಹಾಗೇ ಆಯಿತು. ಆಮೇಲೆ ಮಧ್ಯಾಹ್ನವೇ ಒಂದೊಂದನ್ನೂ ರುಚಿ ನೋಡತೊಡಗಿದೆ. ಗೋಡೆಗೆ ತಾಗಿದ ಕೊನೆಯ ಗ್ಲಾಸು ಮಾತ್ರ ಸಪ್ಪೆ. ಸಾಲು ತಿರುಗಿಸಿಟ್ಟರೂ, ಬೇರೆ ಗ್ಲಾಸು ತಂದಿಟ್ಟರೂ ಆ ಮೂಲೆಯದೇ ಸಪ್ಪೆ. ಜೊತೆಯವರು ನಕ್ಕಾರು ಎಂದು ಯಾರಿಗೂ ಹೇಳಲಿಲ್ಲ. ಆದರೆ ಆ ಕಡೆಗೆ ಬೆನ್ನು ಹಾಕಿ ನಿಲ್ಲಲು ಹೆದರಿಕೆಯಾಗುತ್ತಿತ್ತು.

ಕಟ್ಟಡದ ಒಡತಿ ಆ ಊರಿನ ಹಳೆಯ ಒಕ್ಕಲು ಮನೆತನದ ಅಜ್ಜಿ, ಕೆಳಗಿನ ಮನೆಯಲ್ಲೇ ಇದ್ದರು. ನೀರಿನ ಟ್ಯಾಂಕ್ ನೋಡಲು ಒಂದು ಮಧ್ಯಾಹ್ನ ಮೇಲೆ ಬಂದವರು, ನಾನು ಮೆಸ್ಕಾಲ್ ಬಾಟಲಿ ತೆರೆಯುತ್ತಲೇ ನಿಂತುಬಿಟ್ಟರು.

"ಏನವ್ವಾ ಇದು, ಸುಟ್ಟ ವಾಸ್ನೆ?"

"ಕತ್ತಾಳೆದು ಅಜ್ಜಿ. ಅದರ ಗೆಡ್ಡೆನ ಗುಂಡಿಲಿ ಬಿಸಿ ಕಲ್ಲಿನ ಮೇಲಿಟ್ಟು, ಮಣ್ಣು ಮುಚ್ಚಿ ಬೇಯಿಸ್ತಾರಂತೆ. ನಮ್ ಬೇಲಿ ಕತ್ತಾಳೆ ಜಾತಿನೇ."

"ಮಣ್ಣು ಮುಚ್ತಾರಾ," ಎನ್ನುತ್ತಾ ಅವರು ಮೂಲೆಯ ಕಡೆ ನೋಡಿದರು. "ನಮ್ ಕತ್ತಾಳೆ ಬೇಲಿ ಇಲ್ಲೇ ಇತ್ತು. ಅಗೋ, ಆ ಮೂಲೆ ಕೆಳಗೆ."

ಯಾಕೋ, ಗ್ಲಾಸಿನ ವಿಷಯ ಅವರಿಗೆ ಹೇಳಿಬಿಟ್ಟೆ. ಅಜ್ಜಿ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

"ನನ್ ತಂಗಿ ಒಬ್ಳಿದ್ಲು. ಚಿಕ್ಕೋಳು. ಮೈಯೆಲ್ಲಾ ಊದ್ಕೊಂಡು ಮಲಗಿದ್ಲು. ಪಂಡಿತ್ರು ಉಪ್ಪು ಮುಟ್ಟಿಸ್ಬ್ಯಾಡಿ ಅಂದ್ರು. ಉಪ್ಪು ಕೊಡಕ್ಕಾ, ಒಂದ್ ಚೂರು ಕೊಡಕ್ಕಾ ಅಂತ ಅಳೋಳು. ಅವ್ವ ಕೊಡಾಕೆ ಬಿಡ್ಲಿಲ್ಲ. ಅಂಗೇ ಜೀವ ಓಯ್ತು. ಆ ಬೇಲಿ ಬುಡದಾಗೇ ಮಣ್ಣು ಮಾಡಿದ್ವಿ."

ನಾನು ಮೂಲೆಯ ಗ್ಲಾಸಿನ ಕಡೆ ನೋಡಿದೆ. "ಆದ್ರೆ ಉಪ್ಪು ಹಾಗೇ ಇರತ್ತಲ್ಲ ಅಜ್ಜಿ?"

"ಎಡೆ ಇಟ್ರೆ ಅನ್ನ ಕಮ್ಮಿ ಆಯ್ತದಾ? ಅವರು ಉಂಡ್ ಮ್ಯಾಲೆ ರುಚಿ ಇರಲ್ಲ, ಅಷ್ಟೇಯ."

ಮರುದಿನ ಅವರು ಸೆರಗಿನಲ್ಲಿ ಕಲ್ಲುಪ್ಪು ಕಟ್ಟಿಕೊಂಡು ಬಂದರು. ನನ್ನಿಂದ ಖಾಲಿ ಗ್ಲಾಸೊಂದನ್ನು ಇಸಕೊಂಡು, ತುಂಬ ಸುರಿದು, ಮೂಲೆಯಲ್ಲಿಟ್ಟರು.

"ತಿನ್ನವ್ವಾ. ಈಗ ಯಾರೂ ಬ್ಯಾಡ ಅನ್ನಲ್ಲ."

ಹೊತ್ತಿಳಿದ ಮೇಲೆ ಮತ್ತೆ ಬಂದು, ಒಂದು ಹರಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಸಪ್ಪೆ," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಅತ್ತರೋ, ಸಮಾಧಾನವಾಯಿತೋ, ನನಗೆ ತಿಳಿಯಲಿಲ್ಲ.

ಅಲ್ಲಿಂದಾಚೆಗೆ ನನ್ನ ಗ್ಲಾಸುಗಳಿಗೆ ಏನೂ ಆಗಲಿಲ್ಲ. ಅಮಾವಾಸ್ಯೆ ಬಂದರೆ ಅಜ್ಜಿ ಉಪ್ಪು ತರುತ್ತಿದ್ದರು. ಮಳೆಗಾಲದಲ್ಲಿ ಮಂಡಿನೋವು ಹೆಚ್ಚಾಗಿ ಮೆಟ್ಟಿಲು ಹತ್ತಲಾಗದೆ, "ಈ ಸತಿ ನೀನೇ ಇಡು ಮಗಳೇ" ಎಂದು ಪೊಟ್ಟಣ ಕೊಟ್ಟರು.

ಗ್ಲಾಸಿಗೆ ಸುರಿದು ಮೂಲೆಯಲ್ಲಿಟ್ಟೆ. "ತಗೋಮ್ಮ" ಎಂದು ಬಂದು, ನಿಂಬೆಹಣ್ಣು ಕೊಯ್ಯುತ್ತಾ ನಿಂತೆ. ಬಾರಿಗೆ ಇನ್ನೂ ಯಾರೂ ಬಂದಿರಲಿಲ್ಲ. ಬೆನ್ನ ಹಿಂದೆ, ಕಲ್ಲುಪ್ಪನ್ನು ಹಲ್ಲಿನಲ್ಲಿ ಕಟಕ್ಕೆಂದು ಕಡಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

ನಾನು ತಿರುಗಿ ನೋಡಲಿಲ್ಲ. ಚಾಕು ಬೆರಳಿಗೆ ತಾಗದ ಹಾಗೆ ನಿಧಾನವಾಗಿ ಕೊಯ್ಯುತ್ತಾ, ಅವಳು ತಿಂದು ಮುಗಿಸುವ ತನಕ ಅಲ್ಲೇ ನಿಂತಿದ್ದೆ.