ಬೋರ್ಡಿನ ಮೇಲಿರುವ ಅಮ್ಮ

ಗೆಳೆಯರೇ, ದೊಡ್ಡಬಳ್ಳಾಪುರದ ನನ್ನ ಫಲಾಫಲ್ ಹೋಟೆಲ್ಲಿನ ಬೋರ್ಡು ನೋಡಿದವರು ದಯವಿಟ್ಟು ಅದನ್ನು ಮರೆತುಬಿಡಿ. ಕಾಬೂಲ್ ಕಡಲೆಯ ಆ ವಡೆ ಹಿಡಿದು ನಮ್ಮಮ್ಮ ನಗುತ್ತಿರುವ ಫೋಟೋ, ಕೆಳಗೆ 'ನಮ್ಮ ಮನೆಯವರೆಲ್ಲ ದಿನವೂ ತಿನ್ನುವ ಆರೋಗ್ಯದ ಊಟ' ಎಂಬ ಸಾಲು. ಬರೆಸಿದವನು ನಾನೇ.

ಇವತ್ತು ಮಧ್ಯಾಹ್ನ ಘಾಟಿ ದೇವಸ್ಥಾನಕ್ಕೆ ಹೋಗಿ ಬಂದ ಕುಟುಂಬವೊಂದು ಫಲಾಫಲ್ ತಿನ್ನುತ್ತಾ ಕೂತಿತ್ತು. "ಹೊಟ್ಟೆಗೆ ತುಂಬಾ ಹಗುರ ಮೇಡಂ" ಎಂದು ನಾನು ಭಾಷಣ ಬಿಗಿಯುತ್ತಿದ್ದೆ. ಅಷ್ಟರಲ್ಲಿ ಅಮ್ಮ ನನ್ನ ಊಟದ ಕ್ಯಾರಿಯರ್ ಹಿಡಿದು ಮುಂದಿನ ಬಾಗಿಲಿನಿಂದಲೇ ಬಂದಳು. ಹಿಂಬಾಗಿಲಿನಿಂದ ಬಾ ಎಂದು ಹೇಳಿಟ್ಟಿದ್ದೆ. ಅಲ್ಲಿ ಯಾರೋ ಬೈಕ್ ಅಡ್ಡ ನಿಲ್ಲಿಸಿದ್ದರಂತೆ.

ಆ ಹೆಂಗಸು ಗುರುತು ಹಿಡಿದೇಬಿಟ್ಟರು. "ಬೋರ್ಡಲ್ಲಿರೋ ಅಜ್ಜಿ ಅಲ್ವಾ? ಈ ವಯಸ್ಸಲ್ಲೂ ದಿನಾ ಇದನ್ನ ತಿಂದು ಅರಗಿಸ್ಕೋತೀರಲ್ಲಾ!"

"ಅಯ್ಯೋ, ನಾನೆಲ್ಲಿ ತಿಂತೀನವ್ವಾ? ಫೋಟೋ ತೆಗ್ಯೋವಾಗ ಕೈಗೆ ಕೊಟ್ಟ, ಆಮೇಲೆ ಇಸ್ಕೊಂಡ. ಇವನೂ ತಿನ್ನಲ್ಲ, ಹೊಟ್ಟೆ ಉಬ್ಬರಿಸುತ್ತೆ. ಅದಕ್ಕೇ ಮುದ್ದೆ, ಬಸ್ಸಾರು ತರ್ತೀನಿ."

ಆಕೆ ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಮಗುವಿನ ಮುಂದಿದ್ದ ಪ್ಲೇಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನನಗೆ ತಲೆ ಎತ್ತಲಾಗಲಿಲ್ಲ. ಬೋರ್ಡಿನ ಮಾತು ಒಂದು ದಿನವಾದರೂ ನಿಜವಾಗಲಿ ಎಂದು ಅವರೆದುರೇ ಕೂತು ಒಂದು ಪ್ಲೇಟ್ ಫಲಾಫಲ್ ಪೂರ್ತಿ ತಿಂದೆ. ಅಮ್ಮ ನನ್ನ ಮುದ್ದೆಯನ್ನು ಆ ಮಗುವಿಗೆ ತಿನ್ನಿಸಿದಳು.

ಈಗ ಓಮದ ನೀರು ಕುಡಿಯುತ್ತಾ ಇದನ್ನು ಬರೆಯುತ್ತಿದ್ದೇನೆ. ಕಾಯಿಸಿಕೊಟ್ಟವಳೂ ಬೋರ್ಡಿನ ಮೇಲಿರುವವಳೇ.