ಕರೆಯಲು ಬಂದ ಅಳಿಯ

ಹೆರಿಗೆಗೆ ಬಂದ ಮಗಳನ್ನು ಗಂಡನ ಮನೆಯವರು ಬಂದು ಕರೆಯದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅದೂ ಕೂಸಿಗೆ ಐದು ತಿಂಗಳು ತುಂಬಿರಬೇಕು. ಈ ವಿಷಯದಲ್ಲಿ ಯಾರು ಏನು ಹೇಳಿದರೂ ಅಪ್ಪನ ಕಿವಿಗೆ ಬೀಳುತ್ತಿರಲಿಲ್ಲ. ನನ್ನ ತಂಗಿಯ ಬಾಳು ಆ ಐದು ತಿಂಗಳಲ್ಲಿ ಸಿಕ್ಕಿಹಾಕಿಕೊಂಡಿತು.

ನಾವು ಪಿಂಜಾರರು. ಬಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಅಪ್ಪನ ಗಾದಿ ಅಂಗಡಿ. ಮುಂದೆ ಹತ್ತಿ ಹಿಂಜುವ ಜಾಗ, ಹಿಂದೆ ಮನೆ. ನಮಾಜು ಅರಬ್ಬಿಯಲ್ಲಿ, ಜಗಳ ಮತ್ತು ಜೋಗುಳ ಕನ್ನಡದಲ್ಲಿ. ನಮ್ಮ ದೊಡ್ಡಪ್ಪ ಸೊಲ್ಲಾಪುರದಲ್ಲಿ ರೈಲ್ವೆ ಕೆಲಸಕ್ಕಿದ್ದರು. ದೇಶ ಒಡೆದಾಗ ಯಾವ ಕಡೆ ಹೋಗುತ್ತೀರಿ ಎಂದು ಸರ್ಕಾರ ನೌಕರರನ್ನು ಕೇಳಿದ್ದಕ್ಕೆ, ಕರಾಚಿ ಸಿಗುತ್ತದೆಂದು ಆ ಕಡೆ ಎಂದುಬಿಟ್ಟರು. ಆ ದೇಶ ಎರಡು ತುಂಡಾಗಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೋ ಏನೋ. ಅವರನ್ನು ಕಳಿಸಿದ್ದು ಬಂಗಾಲದ ತುಂಡಿಗೆ. ಅಲ್ಲಿ ಬೆಳೆದ ಅವರ ಮಗನಿಗೇ ನನ್ನ ತಂಗಿಯನ್ನು ಕೊಟ್ಟಿದ್ದು; ಅಣ್ಣತಮ್ಮಂದಿರ ಮಕ್ಕಳಲ್ಲಿ ಸಂಬಂಧ ನಮ್ಮಲ್ಲಿ ಉಂಟು.

ತಂಗಿ ಚೊಚ್ಚಲ ಹೆರಿಗೆಗೆ ಬಂದಳು, ಹೆಣ್ಣು ಹಡೆದಳು. ಕೂಸಿಗೆ ಇನ್ನೂ ಎರಡು ತಿಂಗಳಾಗಿರಲಿಲ್ಲ, ಆಗಲೇ ಢಾಕಾದಿಂದ ಅವಳ ಗಂಡನ ತಂತಿ ಬಂತು: ಇಲ್ಲಿ ಗಾಳಿ ಸರಿಯಿಲ್ಲ, ಈಗಲೇ ಕರೆಯಲು ಬರಲೇ? ಅಪ್ಪ ನಕ್ಕರು.

"ಅವಸರ ಮಾಡಬ್ಯಾಡ ಅಂತ ಹೇಳ್ರಿ. ಐದು ತಿಂಗಳು ತುಂಬಲಿ, ರೀತಿಪ್ರಕಾರ ಬಂದು ಕರಕೊಂಡು ಹೋಗ್ಲಿ."

ಅದು 1971. ಮಾರ್ಚಿನಲ್ಲಿ ಅಲ್ಲಿ ಸೈನ್ಯ ಜನರ ಮೇಲೆ ಬಿತ್ತು. ಆ ಪ್ರಾಂತ ತಾನು ಬೇರೆ ದೇಶ ಎಂದಿತು. ಆಮೇಲೆ ಅವನ ಕಡೆಯಿಂದ ಒಂದು ಅಕ್ಷರವೂ ಇಲ್ಲ.

ನಾನು ಆಗ ಟಿಕೋಟಾದ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ರೇಡಿಯೋ, ಸಂಜೆ ಇಳಿದ ಕೂಡಲೇ ರೇಡಿಯೋ. ಸತ್ತವರ ಸುದ್ದಿ ಕೇಳಿ ಬಂಗಾಲಿಗಳಿಗಾಗಿ ಕಣ್ಣೀರು ಬರುತ್ತಿತ್ತು. ಮರುಗಳಿಗೆಗೆ, ಅವರೇ ನಮ್ಮವನನ್ನು ಏನಾದರೂ ಮಾಡಿದರೆ ಎಂದು ಅವರ ಮೇಲೇ ಸಿಟ್ಟು. ಡಿಸೆಂಬರಿನಲ್ಲಿ ಹೊಸ ದೇಶ ಹುಟ್ಟಿತು. ಶಾಲೆಯಲ್ಲಿ ಪೇಡೆ ಹಂಚಿದರು. ನಾನೇ ಮಕ್ಕಳಿಗೆ ನಕಾಶೆಯಲ್ಲಿ ಆ ದೇಶ ತೋರಿಸಿ ಹಸಿರು ಬಣ್ಣ ತುಂಬಿಸಿದೆ. ಪೇಡೆ ಬಾಯಿಗೆ ಹಾಕಿಕೊಳ್ಳಲು ಮಾತ್ರ ಆಗಲಿಲ್ಲ, ಸೆರಗಿನ ಗಂಟಿನಲ್ಲೇ ಉಳಿಯಿತು.

ತಂಗಿ ಬಂದದ್ದು ಗಂಡನ ದೇಶದ ಪಾಸ್‌ಪೋರ್ಟಿನ ಮೇಲೆ, ತಿಂಗಳು ತಿಂಗಳು ಪೊಲೀಸ್ ಕಚೇರಿಗೆ ಹೋಗಿ ಹಾಜರಿ ಹಾಕಬೇಕಿತ್ತು. ಬಿಜಾಪುರದಲ್ಲೇ ಹುಟ್ಟಿದವಳು ಬಿಜಾಪುರದಲ್ಲಿ ಪರದೇಶಿ. ಅವಳು ಬಂದ ದೇಶದ ಆ ಭಾಗವೇ ಈಗ ಇರಲಿಲ್ಲ. ಹೊಸ ದೇಶಕ್ಕೆ ಅವಳು ಯಾರೋ. ಪ್ರತಿ ಸಲ ನಾನು ಜೊತೆಗೆ ಹೋಗುತ್ತಿದ್ದೆ, ಹೊರಗೆ ಬೇವಿನ ಗಿಡದ ಕೆಳಗೆ ಒಂದು ನಿಮಿಷವೂ ಕೂರಲಾಗದೆ ಎದ್ದು ಅಡ್ಡಾಡುತ್ತಿದ್ದೆ.

ಹೀಗೆ ಎರಡು ವರ್ಷದ ಮೇಲಾಯಿತು. ಒಂದು ದಿನ ಮಧ್ಯಾಹ್ನ ಅಂಗಡಿ ಮುಂದೆ ಒಬ್ಬ ಗಡ್ಡದವನು ನಿಂತಿದ್ದ. ಕೈಯಲ್ಲಿ ಒಂದು ಸಣ್ಣ ಗಂಟು.

"ಕಾಕಾ, ಕರಿಯಾಕ ಬಂದೇನಿ," ಎಂದ.

ಅಪ್ಪ ಹಿಂಜುವ ಕಮಾನು ಬಿಟ್ಟು ಎದ್ದರು. ಅವನನ್ನು ಒಳಗೆ ಕರೆದು, ಕಾಲಿಗೆ ನೀರು ಕೊಟ್ಟು, ಅಳಿಯ ಬಂದಾಗ ಮಾಡುವುದನ್ನೆಲ್ಲ ಮಾಡಿಸಿದರು. ಊಟವಾದ ಮೇಲೆ, ಹುಚ್ಚೋ ಏನೋ, ರೀತಿಪ್ರಕಾರ ಕೇಳಿಯೇಬಿಟ್ಟರು: "ಯಾವಾಗ ಕರಕೊಂಡು ಹೋಗ್ತಿ?"

"ಎಲ್ಲಿಗೆ ಕಾಕಾ?" ಎಂದ ಅವನು.

ಉರ್ದು ಮಾತಾಡುವವರನ್ನು ಸೈನ್ಯದ ಕಡೆಯವರೆಂದು ಹಾಕಿದ್ದ ಕ್ಯಾಂಪಿನಲ್ಲಿ ಅವನು ಇಷ್ಟು ದಿನ ಇದ್ದ. ದೊಡ್ಡಪ್ಪ ಅಲ್ಲೇ ತೀರಿಹೋದರಂತೆ. ಆಮೇಲೆ ಹೇಗೋ ಗಡಿ ದಾಟಿ, ಯಾವ ಕಾಗದವೂ ಇಲ್ಲದೆ ಬಂದಿದ್ದ. ನನಗೆ ತಡೆಯಲಾಗಲಿಲ್ಲ, ನೀನು ಯಾರ ಕಡೆ ಇದ್ದಿ ಎಂದು ಕೇಳಿದೆ.

"ಇಬ್ಬರೂ ಅದನ್ನ ಕೇಳಿದ್ರು ಅಕ್ಕಾ. ಕನ್ನಡದಾವ ಅಂದೆ. ಯಾರಿಗೂ ತಿಳೀಲಿಲ್ಲ."

ಭಾಷೆಗಾಗಿ ಎದ್ದು ನಿಂತ ದೇಶ ಅದು. ಅದರಲ್ಲಿ ನಮ್ಮವನ ಭಾಷೆಗೆ ಜಾಗವಿರಲಿಲ್ಲ. ಬಂಗಾಲಿಗಳದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ, ಅವರು ಅನುಭವಿಸಿದ್ದು ಸಣ್ಣದಲ್ಲ. ಆದರೆ ಸಿಟ್ಟು ಮಾತ್ರ ಇವತ್ತಿಗೂ ಆರಿಲ್ಲ.

ಮುಂದಿನ ಹಾಜರಿಗೆ ಹೋದಾಗ ಕಚೇರಿಯ ವಯಸ್ಸಾದ ಸಾಹೇಬರು ನನ್ನನ್ನೂ ಒಳಗೆ ಕರೆದು, ತಂಗಿಯನ್ನು ನೋಡಿ ದನಿ ತಗ್ಗಿಸಿ ಹೇಳಿದರು: "ಗಂಡ ಇದ್ರ ಗಂಡನ ದೇಶಕ್ಕ ಹೋಗಬೇಕಾಗ್ತದವ್ವಾ. ಗಂಡ ತೀರಿಕೊಂಡಿದ್ರ ತವರಾಗ ಇರ್ತೀನಿ ಅಂತ ಅರ್ಜಿ ಕೊಡಬಹುದು. ವಿಚಾರ ಮಾಡಿ ಮುಂದಿನ ತಿಂಗಳು ಹೇಳು."

ತಂಗಿ ಮನೆಗೆ ಬಂದು ಗಂಡನ ಎದುರಿಗೇ ಕೂತು ಬಳೆ ತೆಗೆದಳು. ಅವನು ನೋಡಿದ. ಬೇಡ ಎನ್ನಲು ಯಾರ ಹತ್ತಿರವೂ ಬೇರೆ ದಾರಿ ಇರಲಿಲ್ಲ.

ಅವನನ್ನು ಕಳ್ಳಕವಟಗಿಯ ಸಂಬಂಧಿಕರ ಮನೆಗೆ ಕಳಿಸಿ, ಅಳಿಯ ತೀರಿಹೋದನೆಂದು ಓಣಿಗೆ ಹೇಳಿದೆವು. ಜನ ಬಂದರು, ಸಮಾಧಾನ ಹೇಳಿದರು, ರೊಟ್ಟಿಯ ಬುಟ್ಟಿ ತಂದಿಟ್ಟರು. ಅಪ್ಪ ನಿಜವಾಗಿಯೇ ಬಿಕ್ಕಿ ಬಿಕ್ಕಿ ಅತ್ತರು. ಅಣ್ಣನಿಗಾಗಿ ಅಳಲು ಅವರಿಗೆ ಅದೊಂದೇ ಅವಕಾಶ ಸಿಕ್ಕಿತ್ತು. ಮದುವೆಯಲ್ಲಿ ಉಂಡ ಓಣಿ ಅದು, ಅಂಗಡಿ ಮುಂದೆ ನಿಂತ ಗಡ್ಡದವನನ್ನು ಗುರುತು ಹಿಡಿದಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ತಂಗಿ ಇದ್ದತ್ತಿಗೆ ಕೂತಳು, ಗಂಡ ಸತ್ತ ಹೆಂಗಸು ಹೊಸ್ತಿಲು ದಾಟದೆ ಕಳೆಯಬೇಕಾದ ದಿನಗಳಿಗೆ. ಗಂಡ ಬಸ್ಸಿನ ದೂರದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ, ಹೆಂಡತಿ ಅವನ ಸೂತಕ ಹಿಡಿದಿದ್ದಳು. ನನಗೆ ನಗುವೂ ಬರುತ್ತಿತ್ತು, ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆಂದೂ ಅನಿಸುತ್ತಿತ್ತು.

ಇದ್ದತ್ತು ಮುಗಿದು ತಂಗಿಯ ಅರ್ಜಿಗೆ ಒಪ್ಪಿಗೆ ಸಿಕ್ಕ ಮೇಲೆ ಬಬಲೇಶ್ವರದ ನಮ್ಮ ಸೋದರಮಾವನ ಮನೆಯಲ್ಲಿ ವಿಧವೆಯ ಮದುವೆ. ವರ ಅವನೇ; ಕನಮಡಿಯ ಕಡೆಯವನು, ಹಿಂದೆ ಮುಂದೆ ಯಾರೂ ಇಲ್ಲ ಎಂದು ಹೇಳಿದ್ದೆವು. ಅವನ ಮಾತು ಕೇಳಿದ ಯಾರೂ ಅನುಮಾನಪಡಲಿಲ್ಲ. ಅಲ್ಲಿ ಲೆಕ್ಕಕ್ಕೆ ಬಾರದ ಕನ್ನಡ ಇಲ್ಲಿ ಅವನನ್ನು ಉಳಿಸಿತು. ಕಾಜಿ ಹೆಸರು ಕೇಳಿದರು, ಹೊಸ ಹೆಸರು ಹೇಳಿದ. ತಂದೆಯ ಹೆಸರು ಕೇಳಿದರು. ಅವನು ತಲೆ ಎತ್ತಿ ನೋಡಿದ. ಎದುರಿಗೆ ಅಪ್ಪ ಕೂತಿದ್ದರು.

"ಹೇಳಪಾ," ಎಂದರು ಅಪ್ಪ ಮೆಲ್ಲಗೆ.

ಕನಮಡಿಯ ಯಾರೋ ತೀರಿಹೋದವರ ಹೆಸರನ್ನು ಅವನು ತನ್ನ ತಂದೆಯದೆಂದು ಹೇಳಿದ. ಅಪ್ಪ ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡರು. ಹೆಣ್ಣಿನ ಒಪ್ಪಿಗೆ ಕೇಳಲು ಒಳಗೆ ಬಂದವರಿಗೆ ತಂಗಿ ಹೂಂ ಎನ್ನುವಾಗ ನನ್ನ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದಳು.

ತಂಗಿಯ ಮಗಳಿಗೆ ಏನು ಹೇಳುವುದು? ಸಣ್ಣ ಬಾಯಿ, ಎಲ್ಲಿ ಏನು ಆಡಿಬಿಡುತ್ತದೋ ಎಂಬ ಭಯ. ನಿಮ್ಮಪ್ಪ ಯುದ್ಧದಲ್ಲಿ ತೀರಿಹೋದರು, ಇವರು ಇನ್ನು ಮುಂದೆ ನಿನಗೆ ಅಪ್ಪನ ಹಾಗೆ ಎಂದೆವು. ದೊಡ್ಡವಳಾದ ಮೇಲೆ ನಿಜ ಹೇಳಿದರಾಯಿತು ಎಂದುಕೊಂಡಿದ್ದೆವು. ಅವನು ಅಂಗಡಿಯಲ್ಲಿ, ಅರಳೆಯ ಧೂಳಿಗೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹತ್ತಿ ಹಿಂಜುತ್ತ ಉಳಿದ. ಅವನ ಮೇಲೆ ಹುಡುಗಿಗೆ ಅಂಥ ಸಿಟ್ಟೇನೂ ಇರಲಿಲ್ಲ. ಒಂದಿಷ್ಟು ದೂರ ಇಟ್ಟಿದ್ದಳು, ಅಷ್ಟೇ.

ಆ ದಶಕದ ಕೊನೆಯ ಒಂದು ಚಳಿಗಾಲ. ಹುಡುಗಿ ನಾಲ್ಕನೇ ಇಯತ್ತೆಯಲ್ಲಿದ್ದಳು. ಶಾಲೆಯವರು ಬಾದಾಮಿಗೆ ಪ್ರವಾಸ ಹೊರಟಿದ್ದರು. ಜ್ವರ ಬಿಟ್ಟು ಇನ್ನೂ ವಾರವಾಗಿಲ್ಲ, ಬೇಡ ಎಂದ ಅವನು. ಹುಡುಗಿ ಅಂಗಡಿಯ ಬಾಗಿಲಲ್ಲಿ ನಿಂತು ಅಂದಳು:

"ನೀವೇನ್ ನಮ್ಮಪ್ಪ ಅಲ್ಲ. ನಮ್ಮಪ್ಪ ಇದ್ದಿದ್ರ ಕಳಸ್ತಿದ್ದ."

ಒಳಗೆ ರೊಟ್ಟಿ ಬಡಿಯುತ್ತಿದ್ದ ತಂಗಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅವಳ ಮುಖ ನೋಡಿ, ಈಗ ಎಲ್ಲ ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿ ಎಂದೂ ಅನಿಸಿತು. ಅವನು ಸುಮ್ಮನಿರು ಎಂಬಂತೆ ಅವಳಿಗೆ ಕೈ ಅಡ್ಡ ಮಾಡಿ, ಬಾಯಿಗೆ ಕಟ್ಟಿದ ಬಟ್ಟೆ ಕೆಳಗಿಳಿಸಿದ.

"ಹೌದವಾ. ಅಂವ ಇದ್ದಿದ್ರ ಕಳಸ್ತಿದ್ದ."

ಹುಡುಗಿಗೆ ಸಿಟ್ಟು ಇಳಿದು ಕುತೂಹಲವಾಯಿತು. "ನೀವು ಅವರನ್ನ ನೋಡೀರೇನು?"

"ನೋಡೀನಿ. ಭಾಳ ಜೀವ ಇತ್ತು ಅವಂಗ ನಿನ್ನ ಮ್ಯಾಲ."

"ಹಂಗಾರ ನಾ ಹೋಗಲಿ?"

"ಹೋಗಿ ಬಾ," ಎಂದ. ಅವಳು ಗೆಳತಿಯರಿಗೆ ಹೇಳಲು ಓಡಿದಳು.