ಒಪ್ಪಂದ ಬೇಡವೆಂದ ಕೊಸ್ಮಸ್

ಬ್ರಿಟನ್ ಎಂಬ ದೇಶಕ್ಕೆ ನಾನು ಈ ತನಕ ಕಾಲಿಟ್ಟಿಲ್ಲ. ಆದರೂ ಅದು ಯುರೋಪಿನ ಒಕ್ಕೂಟವನ್ನು ಹೇಗೆ ಬಿಡಬೇಕು ಎಂಬ ವಿಷಯದಲ್ಲಿ ಬಹರೈನ್‌ನಲ್ಲಿ ನನ್ನಷ್ಟು ಗಂಟಲು ಹರಿದುಕೊಂಡವರು ಇನ್ನೊಬ್ಬರಿಲ್ಲ. ಅದರ ಫಲವನ್ನೂ ನಾನೇ ಉಂಡೆ.

ಹೆಸರು ಕೊಸ್ಮಸ್, ಊರು ಮೂಡುಬೆಳ್ಳೆ. ಇಪ್ಪತ್ತೇಳು ವರ್ಷಗಳಿಂದ ಇಲ್ಲಿಯ ಸೀಫ್‌ನ ಒಂದು ಕಟ್ಟಡ ಸಲಹೆಗಾರರ ಆಫೀಸಿನಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ನಕ್ಷೆಯಾಗಲಿ ಪತ್ರವಾಗಲಿ ನಾನು ನಂಬರು ಹಾಕದೆ ಆಫೀಸಿನ ಬಾಗಿಲು ದಾಟುವಂತಿಲ್ಲ. ಕಾಗದಕ್ಕೆ ಮೂರು ಮುದ್ರೆಗಳುಂಟು. ಎ ಅಂದರೆ ಒಪ್ಪಿದೆ, ಬಿ ಅಂದರೆ ಸಣ್ಣ ತಿದ್ದುಪಡಿಯೊಂದಿಗೆ ಒಪ್ಪಿದೆ, ಸಿ ಅಂದರೆ ವಾಪಸ್, ಸರಿಮಾಡಿ ಪುನಃ ತನ್ನಿ. ನಿರ್ಧಾರ ಎಂಜಿನಿಯರರದು, ಒತ್ತುವುದು ಮಾತ್ರ ನಾನು. ಆದರೆ ಅಷ್ಟು ವರ್ಷ ಮುದ್ರೆ ಒತ್ತಿದವನಿಗೆ ನಿರ್ಧಾರವೂ ತನ್ನದೇ ಎಂಬ ಭ್ರಮೆ ಹುಟ್ಟುತ್ತದೆ. ನನಗಂತೂ ಚೆನ್ನಾಗಿಯೇ ಹುಟ್ಟಿತ್ತು.

2016ರಲ್ಲಿ ಬ್ರಿಟನ್ನಿನವರು ಹೊರಗೆ ಹೋಗುತ್ತೇವೆ ಎಂದು ಮತ ಹಾಕಿದ ಮೇಲೆ ನಮ್ಮ ಇಂಗ್ಲಿಷ್ ಮ್ಯಾನೇಜರು ಆಫೀಸಿಗೆಲ್ಲ ಕೇಕ್ ಹಂಚಿದರು. ನಾನು ಎರಡು ತುಂಡು ತಿಂದೆ. ಅಂದಿನಿಂದ ನಾನೂ ಅವರ ಪಕ್ಷ. ಹೋಗುವುದಾದರೆ ಒಪ್ಪಂದ ಗಿಪ್ಪಂದ ಇಲ್ಲದೆ ಎದ್ದು ಹೋಗಬೇಕು ಎಂದು ಅವರು ಹೇಳುತ್ತಿದ್ದರು. ಅದನ್ನೇ ನಾನು ಶುಕ್ರವಾರ ಟುಬ್ಲಿಯ ಚಹಾದಂಗಡಿಯಲ್ಲಿ ಹೇಳುತ್ತಿದ್ದೆ.

ಇಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ನಮ್ಮ ಭಾನುವಾರದ ಪೂಜೆಯೂ ಶುಕ್ರವಾರವೇ. ಪೂಜೆ ಮುಗಿಸಿ ನಾನು ನೇರ ವಾಸುವಿನ ಗ್ಯಾರೇಜಿನ ಪಕ್ಕದ ಚಹಾದಂಗಡಿಗೆ ಹೋಗುತ್ತಿದ್ದೆ. ವಾಸು ಕಾಪುವಿನವನು, ಒಳ್ಳೆಯ ಮೆಕ್ಯಾನಿಕ್. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ನನ್ನನ್ನು ಪೊರ್ಬುಗಳೇ ಎನ್ನುತ್ತಾನೆ. ಅವನದು ಎದುರು ಪಕ್ಷ.

"ಪೊರ್ಬುಗಳೇ, ನಲವತ್ತು ವರ್ಷ ಓಡಿದ ಇಂಜಿನು ಬಿಚ್ಚುವಾಗ ಯಾವ ಬೋಲ್ಟು ಎಲ್ಲಿಟ್ಟೆ ಅಂತ ಬರೆದಿಡ್ಬೇಕು. ಸುಮ್ಮನೆ ಎಳೆದ್ರೆ ಕೈಗೆ ಬರುದು ಇಂಜಿನಲ್ಲ, ಪೈಪು."

"ದೇಶ ಅಂದ್ರೆ ಇಂಜಿನಲ್ಲ ವಾಸು. ಬಾಗಿಲು ತೆಗಿಬೇಕು, ಹೋಗ್ಬೇಕು. ಅಷ್ಟೆ."

ಅಂಗಡಿಯಲ್ಲಿದ್ದವರೆಲ್ಲ ಚಹಾ ತಣಿಯುವಷ್ಟು ಹೊತ್ತು ಎರಡು ಗುಂಪಾಗುತ್ತಿದ್ದರು. ಇವರಲ್ಲಿ ಯಾರಿಗೂ ಅಲ್ಲಿ ವೋಟಿರಲಿಲ್ಲ. ನಮ್ಮ ಮನೆಯಲ್ಲಿ ಒಬ್ಬಳಿಗೆ ಮಾತ್ರ ಅದು ಜೀವನದ ಪ್ರಶ್ನೆಯಾಗಿತ್ತು, ಅವಳ ಮಾತನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ.

ಅವಳೇ ನನ್ನ ಹೆಂಡತಿ ಜೋಸೆಫಿನ್, ಇಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಅವಳ ಅಪ್ಪ ಹುಟ್ಟಿದ್ದು ಪೋರ್ಚುಗೀಸರ ಕಾಲದ ಗೋವಾದ ಕಾಣಕೋಣದಲ್ಲಿ. ಹಾಗಾಗಿ ಅವರ ಮಕ್ಕಳಿಗೆ ಪೋರ್ಚುಗಲ್ಲಿನ ಪಾಸ್‌ಪೋರ್ಟ್ ಸಿಗುತ್ತದೆ. ಅದಿದ್ದರೆ ಬ್ರಿಟನ್ನಿಗೆ ಹೋಗಿ ಕೆಲಸ ಮಾಡಬಹುದು, ಆದರೆ ಬ್ರಿಟನ್ ಒಕ್ಕೂಟ ಬಿಡುವ ಮೊದಲು ಹೋಗಬೇಕು. ಅವಳ ತಂಗಿ ಸೂಸನ್ ಆ ದಾರಿಯಲ್ಲೇ ಹೋಗಿ ಸ್ವಿಂಡನ್‌ನಲ್ಲಿ ನೆಲೆಸಿದ್ದಳು. ಜೋಸೆಫಿನ್‌ಗೂ ಅದೇ ಆಸೆ. ನಮ್ಮ ಮಗಳು ಆನ್ಸಿಯ ಓದು ಅಲ್ಲಿ ಆಗಬೇಕು, ವೀಸಾ ಮುಗಿಯಿತೆಂದು ಯಾರೂ ಎಬ್ಬಿಸಿ ಕಳಿಸದ ಒಂದು ಮನೆ ಬೇಕು.

"ಫೈಲ್ ನೀವೇ ನೋಡಿ, ಕಾಗದದ ಕೆಲಸ ನಿಮಗೇ ಗೊತ್ತು" ಎಂದು ಅಪ್ಪನ ಜನನಪತ್ರ, ಮದುವೆಪತ್ರ ಎಲ್ಲ ನನ್ನ ಕೈಗೆ ಕೊಟ್ಟಳು.

ನಾನು ಅದಕ್ಕೊಂದು ನಂಬರು ಹಾಕಿದೆ. ಪ್ಲಾಸ್ಟಿಕ್ ಹೊದಿಸಿದೆ. ಆಮೇಲೆ ಒಂದು ಮೂಲೆ ಮಡಚಿಕೊಂಡಿದೆ ಎಂದು ಸಿ. ಫೋಟೊದ ಹಿನ್ನೆಲೆ ಬಿಳಿ ಸಾಲದು ಎಂದು ಸಿ. ಚರ್ಚಿನ ಮುದ್ರೆ ಮಾಸಲು, ಪುನಃ ಸಿ. ಎಲ್ಲ ಸರಿಯಾದ ಮೇಲೆ, "ಇವತ್ತು ಗುರುವಾರ. ನಾಳೆ ನಾಡಿದ್ದು ರಜೆ, ಭಾನುವಾರ ಲಿಸ್ಬನ್ನಿಗೆ ಕಳಿಸುವಾ" ಎಂದೆ. ಹಾಗೆ ಎಷ್ಟು ಭಾನುವಾರ ಕಳೆಯಿತೋ. ಹದಿನಾಲ್ಕು ತಿಂಗಳು ಆ ಫೈಲು ನನ್ನ ಡ್ರಾಯರಿನಲ್ಲಿ ಸುಖವಾಗಿ ಮಲಗಿತ್ತು.

ನಿಜ ಹೇಳಿಬಿಡುತ್ತೇನೆ. ನನಗೆ ಹೆದರಿಕೆಯಾಗಿತ್ತು. ಇಲ್ಲಿ ನಾನು ಕೊಸ್ಮಸ್ ಸರ್. ಅಲ್ಲಿ ಐವತ್ತು ದಾಟಿದ ನನ್ನನ್ನು ಯಾರು ಯಾವ ಹೆಸರಲ್ಲಿ ಕರೆಯುತ್ತಾರೆ? ಗೋದಾಮಿನಲ್ಲಿ ಪೆಟ್ಟಿಗೆ ಹೊರುವುದೇ ಗತಿಯಾದರೆ? ಅದನ್ನು ಹೆಂಡತಿಗೆ ಹೇಳಲು ಮರ್ಯಾದೆ ಅಡ್ಡಬಂತು. ಮುದ್ರೆ ಒತ್ತುವುದು ಸುಲಭವಿತ್ತು.

ಒಂದು ದಿನ ಮ್ಯಾನೇಜರು ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿ, ಒಂದು ಹಳೆಯ ಕಾಗದ ಕೊಟ್ಟರು. ಅವರ ಅಜ್ಜಿಯ ಜನನಪತ್ರ. ಅಜ್ಜಿ ಐರ್ಲೆಂಡಿನವರು, ಆ ದೇಶ ಒಕ್ಕೂಟ ಬಿಡುವುದಿಲ್ಲ. ಹಾಗಾಗಿ ಇವರು ಸದ್ದಿಲ್ಲದೆ ಅಲ್ಲಿಯ ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಿದ್ದರು. ಕೇಕ್ ಹಂಚಿದ ಅದೇ ಮಹಾಶಯರು! ನಾನು ನಂಬರು ಹಾಕಿ, ಸ್ಕ್ಯಾನ್ ಮಾಡಿ, ಲಕೋಟೆಗೆ ಹಾಕಿ, ಅರ್ಧ ಗಂಟೆಯಲ್ಲಿ ಕೊರಿಯರಿಗೆ ಕೊಟ್ಟೆ. ಸಂಜೆ ಮನೆಯಲ್ಲಿ ಇದನ್ನೇ ದೊಡ್ಡ ತಮಾಷೆಯೆಂದು ಹೇಳಿ ನಕ್ಕೆ.

ಜೋಸೆಫಿನ್ ನಗಲಿಲ್ಲ. ಮೀನು ಹೆಚ್ಚುತ್ತಿದ್ದ ಕೈ ನಿಲ್ಲಿಸಿದಳು.

"ಅವರ ಅಜ್ಜಿಯ ಕಾಗದ ಇವತ್ತೇ ಹೋಯ್ತಾ?"

"ಹೌದು, ಅರ್ಜೆಂಟ್ ಅಲ್ವಾ..."

"ನನ್ನ ಅಪ್ಪನದ್ದು ತಂದುಕೊಡಿ."

ಮರುದಿನ ಗುರುವಾರ. ರಜೆಯ ಮಾತು ತೆಗೆದೆ. "ಲಿಸ್ಬನ್ನಿನಲ್ಲಿ ಶುಕ್ರವಾರ ಆಫೀಸ್ ಉಂಟು ಮಾರಾಯ್ರೆ" ಎಂದು ಡ್ಯೂಟಿಯ ಬಟ್ಟೆಯಲ್ಲೇ ಹೋಗಿ ತಾನೇ ಕಳಿಸಿ ಬಂದಳು. ಮುಂದಿನದ್ದೆಲ್ಲ ಅವಳೇ ನೋಡಿಕೊಂಡಳು. 2019ರ ಜನವರಿಯಲ್ಲಿ ಪಾಸ್‌ಪೋರ್ಟ್ ಬಂತು.

ಆಗ ಉಳಿದದ್ದು ಯಾವಾಗ ಹೊರಡುವುದು ಎಂಬುದೊಂದೇ. ಸೂಸನ್ ಫೋನಿನಲ್ಲಿ ವಿವರಿಸಿದ್ದಳು. ಬ್ರಿಟನ್ ಒಪ್ಪಂದ ಮಾಡಿಕೊಂಡು ಹೊರಬಂದರೆ ಮುಂದಿನ ವರ್ಷದ ಕೊನೆಯವರೆಗೆ ಸಮಯ. ಒಪ್ಪಂದವಿಲ್ಲದೆ ಹೊರಬಂದರೆ ಮಾರ್ಚ್ ಇಪ್ಪತ್ತೊಂಬತ್ತರ ಒಳಗೆ ಅಲ್ಲಿರಬೇಕು. ಆನ್ಸಿಯ ಹನ್ನೆರಡನೇ ತರಗತಿಯ ಪರೀಕ್ಷೆ ಮುಗಿಯುವುದು ಏಪ್ರಿಲಿನಲ್ಲಿ. ಒಪ್ಪಂದವಾದರೆ ತಾಯಿ ಮಗಳು ಒಟ್ಟಿಗೆ ಹೋಗಬಹುದು, ಇಲ್ಲದಿದ್ದರೆ ಜೋಸೆಫಿನ್ ಒಬ್ಬಳೇ ಮೊದಲು ಹೋಗಬೇಕು. ನಾನು ಹೋಗುವ ಮಾತನ್ನು ನಾನು ತೆಗೆಯಲೇ ಇಲ್ಲ.

ಬುದ್ಧಿಯಿರುವ ಗಂಡ ಆಗ ಬಾಯಿ ಮುಚ್ಚಿಕೊಂಡಿರುತ್ತಿದ್ದ. ಆದರೆ ನಮ್ಮ ಕರಾವಳಿಯವರ ಕೂಟದಲ್ಲಿ ಫೆಬ್ರವರಿಯ ಚರ್ಚಾಸ್ಪರ್ಧೆ ಬಂತು. ಪ್ರತಿವರ್ಷ ಕೂಡುಕುಟುಂಬ ಬೇಕೇ ಬೇಡವೇ ಎಂದು ಚರ್ಚಿಸಿ ಎಲ್ಲರಿಗೂ ಸಾಕಾಗಿತ್ತು. ಈ ಸಲ ಬ್ರಿಟನ್ ಒಪ್ಪಂದದೊಂದಿಗೆ ಹೊರಬರಬೇಕೇ ಒಪ್ಪಂದವಿಲ್ಲದೆಯೇ ಎಂಬ ವಿಷಯ. ಒಂದು ಕಡೆ ವಾಸು, ಇನ್ನೊಂದು ಕಡೆ ನಾನು.

ಕೋಟು ಹಾಕಿಕೊಂಡು ಹೋಗಿದ್ದೆ. ಹಾಲ್ ತುಂಬಿತ್ತು, ಎದುರಿನ ಸಾಲಿನಲ್ಲೇ ಜೋಸೆಫಿನ್ ಮತ್ತು ಆನ್ಸಿ. ವಾಸು ಬೋಲ್ಟಿನ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದ. ನನಗೆ ಆವೇಶ ಬಂತು. ಒಪ್ಪಂದ ಆಗುವುದೇ ಇಲ್ಲ, ಮುಂದೂಡುವ ಪ್ರಶ್ನೆಯೇ ಇಲ್ಲ, ಇಪ್ಪತ್ತೊಂಬತ್ತಕ್ಕೆ ಬಾಗಿಲು ಬಂದ್, ಬೇಕಾದರೆ ಬರೆದಿಟ್ಟುಕೊಳ್ಳಿ ಎಂದು ಮೇಜು ಗುದ್ದಿದೆ. "ಹೋಗುವವರು ಹೋಗಬೇಕು! ಬಾಗಿಲಲ್ಲಿ ನಿಂತು ಮಾತಾಡಿದವರು ಯಾವ ಕಾಲಕ್ಕೂ ಹೋಗುವುದಿಲ್ಲ!" ಎಂದು ಮುಗಿಸಿದಾಗ ಹಾಲ್ ಎದ್ದು ನಿಂತಿತು. ಬಹುಮಾನದ ಕಪ್ಪು ನನಗೇ ಬಂತು.

"ಡ್ಯಾಡಿ, ಯು ವನ್!" ಎಂದಳು ಆನ್ಸಿ. ಜೋಸೆಫಿನ್ ಕಾರಿನಲ್ಲಿ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೂರನೇ ದಿನ ಟಿಕೆಟ್ ಮಾಡಿದಳು, ಮಾರ್ಚ್ ಇಪ್ಪತ್ತಕ್ಕೆ, ಒಬ್ಬಳಿಗೇ.

"ಇಷ್ಟು ಬೇಗ ಎಂತಕ್ಕೆ?" ಎಂದೆ.

"ನೀವೇ ಅಲ್ವಾ ಹೇಳಿದ್ದು? ಇಡೀ ಹಾಲ್ ನಂಬಿತು. ನಾನೂ ನಂಬಿದೆ."

ಭಾಷಣದಲ್ಲಿ ಹೇಳಿದ್ದೆಲ್ಲ ನಿಜವಲ್ಲ, ಸ್ವಲ್ಪ ಕಾದು ನೋಡು ಎನ್ನಬೇಕಿತ್ತು. ಆದರೆ ಶೋಕೇಸಿನಲ್ಲಿ ಗೆದ್ದ ಕಪ್ಪು ಕಾಣುತ್ತಿತ್ತು. ಕಪಾಟಿನ ಮೇಲಿನಿಂದ ಅವಳ ಸೂಟ್‌ಕೇಸ್ ಇಳಿಸಿಕೊಟ್ಟೆ.

ಬುಧವಾರ ಅವಳು ಹೋದಳು. ವಿಮಾನ ನಿಲ್ದಾಣದಲ್ಲಿ ಒಪ್ಪಂದ ಬೇಡವೆಂದ ಶೂರ, ಟ್ರಾಲಿ ಬಿಡದೆ ಹಿಡಿದುಕೊಂಡು ಬಾಗಿಲಲ್ಲೇ ನಿಂತು ಇಪ್ಪತ್ತು ನಿಮಿಷ ಮಾತಾಡಿದ. ಅವಳೇ ಬೆರಳು ಬಿಡಿಸಿದಳು.

ಶುಕ್ರವಾರ ಪೂಜೆ ಮುಗಿಸಿ ಟುಬ್ಲಿಗೆ ಹೋದರೆ ವಾಸು ಮೊಬೈಲ್ ಮುಂದೆ ಹಿಡಿದ. ಬ್ರಿಟನ್ ಇಪ್ಪತ್ತೊಂಬತ್ತಕ್ಕೆ ಹೋಗುವುದಿಲ್ಲವಂತೆ. ದಿನ ಮುಂದೂಡಿದರಂತೆ. ಆನ್ಸಿಯ ಪರೀಕ್ಷೆ ಮುಗಿಯುವ ತನಕ ಜೋಸೆಫಿನ್ ಆರಾಮವಾಗಿ ಮನೆಯಲ್ಲಿರಬಹುದಿತ್ತು. ಅವನು ಅಣಕಿಸಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. "ಚಹಾ ಕುಡೀರಿ ಪೊರ್ಬುಗಳೇ" ಎಂದನಷ್ಟೆ. ಅಳು ಬಂತು. ಕಾರಿನಲ್ಲಿ ಫೋನು ಮರೆತೆನೆಂದು ನೆಪ ಹೇಳಿ ಎದ್ದುಬಂದೆ.

ಕಾರಿನಲ್ಲಿ ಕೂತು ಫೋನು ಮಾಡಿದೆ. "ಜೋಸೆಫಿನ್, ಮುಂದೂಡಿದ್ದಾರೆ. ವಾಪಸ್ ಬಾ. ಪರೀಕ್ಷೆ ಮುಗಿದ ಮೇಲೆ ಒಟ್ಟಿಗೆ ಹೋಗಬಹುದು."

"ಅವರು ಮುಂದೂಡಲಿ. ನಾನು ಮುಂದೂಡಿದ್ದು ಸಾಕು. ಸೋಮವಾರ ಕೆಲಸದ ಇಂಟರ್‌ವ್ಯೂ ಉಂಟು." ಆಮೇಲೆ ಮೆತ್ತಗೆ ಕೇಳಿದಳು. "ನೀವು ಹೆದರಿದ್ದು ನನಗೆ ಗೊತ್ತಿಲ್ಲ ಅಂತ ಎಣಿಸಿದ್ರಾ? ಇಪ್ಪತ್ತೆರಡು ವರ್ಷ ಆಯ್ತು ಮದುವೆಯಾಗಿ. ನಿಮ್ಮ ಡ್ರಾಯರಿನಲ್ಲಿ ಒಂದು ಕಾಗದ ಇಟ್ಟಿದ್ದೇನೆ, ನೋಡಿ."

ಮನೆಗೆ ಬಂದು ಡ್ರಾಯರ್ ಎಳೆದೆ. ಮೊದಲು ಅವಳ ಅಪ್ಪನ ಫೈಲು ಮಲಗಿದ್ದ ಜಾಗದಲ್ಲೇ ಒಂದು ಅರ್ಜಿ. ಅವಳ ಜೊತೆ ಗಂಡನೂ ಹೋಗಿ ನೆಲೆಸಲು ಬೇಕಾದದ್ದು, ಸೂಸನ್ ಗೊತ್ತುಮಾಡಿದ ಅಲ್ಲಿಯ ವಕೀಲರಿಗೆ ಕಳಿಸಬೇಕಾದದ್ದು. ನನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ, ಎಲ್ಲ ಅವಳೇ ತುಂಬಿಸಿದ್ದಳು. ಸಹಿಯೊಂದೇ ಬಾಕಿ. ಮೇಲೆ ಹಳದಿ ಚೀಟಿ ಅಂಟಿಸಿ, ನನ್ನ ಮುದ್ರೆಯ ಹಾಗೆಯೇ ಚೌಕ ಎಳೆದು ಬರೆದಿದ್ದಳು: "ಕೋಡ್ ಬಿ. ತಿದ್ದುಪಡಿ: ಮಾತು ಕಡಿಮೆ ಮಾಡಬೇಕು."

ಭಾನುವಾರ ಕಳಿಸುವಾ ಎಂದು ಮನಸ್ಸು ಹಳೆಯ ಚಾಳಿಯಂತೆ ಹೇಳಿತು. ಸಹಿ ಹಾಕಿದೆ. ಓದುತ್ತಿದ್ದ ಆನ್ಸಿಗೆ ಹೇಳಿ, ರಜೆಯ ದಿನ ಕೊರಿಯರ್ ಎಲ್ಲಿ ತೆರೆದಿರುತ್ತದೆ ಎಂದು ಸೀಫ್‌ನ ಎರಡು ಮಾಲ್ ಸುತ್ತಿದೆ. ಮೂರನೆಯದರ ಮೂಲೆಯಲ್ಲಿ ಒಂದು ಕೌಂಟರ್ ಸಿಕ್ಕಿತು. ಅಲ್ಲಿ ಲಕೋಟೆ ಕೊಟ್ಟು ಹೊರಗೆ ಬಂದ ಮೇಲೆ ನೆನಪಾಯಿತು. ಇಪ್ಪತ್ತೇಳು ವರ್ಷಗಳಲ್ಲಿ ನಾನು ನಂಬರು ಹಾಕದೆ ಕಳಿಸಿದ ಮೊದಲ ಕಾಗದ ಅದು.